ಹಾಲಮ್ಮನ ಹೊಲಿಗೆ

ಇದರಲ್ಲಿ ಒಂದು ಮಾತೂ ಕಟ್ಟಿದ್ದಲ್ಲ. ಮೀಸೆ ಮುಟ್ಟಿ ಆಣೆ ಮಾಡುತ್ತೇನೆ. ನನ್ನ ಮೀಸೆಗಿಂತ ದೊಡ್ಡ ಆಣೆ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಹೊಳೆ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಮರಡಿ ಗುರುಗಳು ಅಂತ ಒಬ್ಬರು. ಅವರಿಗೆ ಕೊಟ್ರೇಶ ಅಂತ ಒಬ್ಬ ಶಿಷ್ಯ.

ಕೊಟ್ರೇಶನ ವೈರಾಗ್ಯ ಎಂಥದ್ದು ಅಂದರೆ, ಅವನು ನಡೆದು ಹೋದ ದಾರಿಯಲ್ಲಿ ಇರುವೆಗಳು ಕೂಡ ಅವತ್ತು ಸಕ್ಕರೆ ಮುಟ್ಟುತ್ತಿರಲಿಲ್ಲ.

ಮೊದಲು ಉಪ್ಪು ಬಿಟ್ಟ. ಆಮೇಲೆ ಚಾಪೆ ಬಿಟ್ಟ. ಬಿಡುವುದಕ್ಕೆ ಇನ್ನೇನೂ ಸಿಗದಿದ್ದಾಗ ಹೊಲಿದ ಬಟ್ಟೆ ಬಿಟ್ಟ. ಸೂಜಿ ಹಾಯ್ದದ್ದು ಮೈಲಿಗೆ ಅಂತ ಒಂದು ಪಂಚೆ ಉಟ್ಟು, ಇನ್ನೊಂದು ಹೊದ್ದ.

ಗುರುಗಳು ಮಾತ್ರ ಜೇಬಿರುವ ಹಳೇ ಬನಿಯನ್ನು ತೊಟ್ಟುಕೊಂಡೇ ಓಡಾಡುತ್ತಿದ್ದರು. ಜೇಬಿನಲ್ಲಿ ಹುರಿಗಡಲೆ ಇರುತ್ತಿತ್ತು.

"ಗುರುಗಳೇ, ನಾನು ಹೊಲಿದ ಬಟ್ಟೆ ಬಿಟ್ಟೆ," ಅಂದ ಕೊಟ್ರೇಶ.

"ಯಾರು ಬಿಡು ಅಂದ್ರು?"

"ಯಾರೂ ಅನ್ಲಿಲ್ಲ. ನಾನೇ ಬಿಟ್ಟೆ."

"ಹಂಗಾದ್ರೆ ಅದರ ಭಾರಾನೂ ನೀನೇ ಹೊತ್ಕೋ," ಅಂದು ಗುರುಗಳು ಕಡಲೆ ಬಾಯಿಗೆ ಹಾಕಿಕೊಂಡರು.

ಕೊಟ್ರೇಶನ ತಾಯಿ ಹಾಲಮ್ಮ ಚಿಕ್ಕ ವಯಸ್ಸಿಗೇ ಗಂಡನ್ನ ಕಳಕೊಂಡು, ಊರಿನವರ ಬಟ್ಟೆ ಹೊಲಿದು ಮಕ್ಕಳನ್ನು ಸಾಕಿದವಳು. ಪ್ರತಿ ಗುರುಪೂರ್ಣಿಮೆಗೂ ಮಗನಿಗೆ ಒಂದು ಅಂಗಿ ಹೊಲಿದುಕೊಂಡು ಆಶ್ರಮಕ್ಕೆ ಬರುತ್ತಿದ್ದಳು.

ವ್ರತ ಹಿಡಿದ ವರ್ಷವೂ ಬಂದಳು. ಅಂಗಿಯನ್ನು ಕಟ್ಟೆಯ ಮೇಲೆ ಬಿಡಿಸಿಟ್ಟಳು.

ಕೊಟ್ರೇಶ ಅದನ್ನು ಕೈಯಿಂದ ಮುಟ್ಟಲಿಲ್ಲ. ದನ ಅಟ್ಟುವ ಕೋಲಿನ ತುದಿಯಿಂದ ಅವಳ ಕಡೆಗೆ ತಳ್ಳಿದ. ಅಂಗಿ ಕಟ್ಟೆಯಿಂದ ಕೆಳಗೆ ಬಿತ್ತು.

ಸುತ್ತ ಜನ ಇದ್ದರು. ಹಾಲಮ್ಮ ಅಂಗಿ ಎತ್ತಿಕೊಂಡು ಮಣ್ಣು ಕೊಡವಿದಳು.

"ಅಳತೆ ಸರಿ ಬಂದಿಲ್ಲ ಕಾಣ್ತತಿ," ಅಂದಳು, ಸುತ್ತಲಿನವರಿಗೆ ಕೇಳಿಸುವ ಹಾಗೆ. "ಮುಂದಿನ ಸಲ ಸರಿ ಮಾಡ್ಕೊಂಡು ಬರ್ತೀನಿ."

ಮುಂದಿನ ಸಲ ಅವಳು ಬರಲಿಲ್ಲ. ಒಂದು ಎತ್ತಿನ ಗಾಡಿ ಬಂತು. ಗಾಡಿಯಲ್ಲಿ ಕಾಲಿನಿಂದ ತುಳಿಯುವ ಹಳೇ ಹೊಲಿಗೆ ಮಿಷನ್ನು. ಅದರ ಪಕ್ಕ ಕೊಟ್ರೇಶನ ಅಕ್ಕ ಗುರುಬಸಮ್ಮ.

"ಅವ್ವ ಹೋಗಿ ತಿಂಗಳಾತು. ಹೇಳಿ ಕಳಿಸಿದ್ವಿ. ಮಣ್ಣಿಗೂ ನೀ ಬರ್ಲಿಲ್ಲ."

"ಮೌನದಾಗಿದ್ದೆ ಅಕ್ಕಾ."

"ಮೌನ ಬಾಯಿಗಲ್ಲೇನೋ? ಕಾಲಿಗೂ ಇತ್ತಾ?"

ಗುರುಬಸಮ್ಮ ಮಿಷನ್ನಿನ ಮೇಲೆ ಕೈಯಿಟ್ಟಳು.

"ಮಿಷನ್ ನಿನಗೇ ಕೊಡ್ಬೇಕು ಅಂದಿದ್ಲು. ಸನ್ಯಾಸಿಗ್ಯಾಕವ್ವಾ ಅಂದೆ. ಅವನಿಗೆ ಗೊತ್ತಾಗ್ತತಿ ಅಂದ್ಲು," ಅಂದಳು ಗುರುಬಸಮ್ಮ. "ನಿನಗೆ ಗೊತ್ತಾಗೋ ಹೊತ್ತಿಗೆ ಕಬ್ಬಿಣಾನೂ ಕರಗಿರ್ತತಿ, ಬಿಡು."

ಆ ಮಿಷನ್ನಿನ ಭಾರಕ್ಕೆ, ಗಾಡಿಯಿಂದ ಇಳಿಸುವಾಗ ಹೊಳೆ ಸ್ವಲ್ಪ ಈ ಕಡೆಗೆ ವಾಲಿ ಹರಿಯಿತು. ಕೊಟ್ರೇಶ ಅದನ್ನು ಕಣ್ಣೆತ್ತಿಯೂ ನೋಡದೆ ಮೇಲೊಂದು ಗೋಣಿ ಹೊದಿಸಿ ದನದ ಕೊಟ್ಟಿಗೆಯ ಮೂಲೆಗೆ ನೂಕಿದ. ಗೋಣಿಯ ಮೇಲೆ ಹುಲ್ಲು ಬಿತ್ತು. ಹುಲ್ಲಿನ ಮೇಲೆ ಪಕ್ಕದ ಮನೆಯ ಕೋಳಿ ಕಾವು ಕೂತಿತು.

ಮಳೆಗಾಲಗಳು ಬಂದವು, ಹೋದವು.

ಒಂದು ವರ್ಷ ಮೇವು ತಳ ಕಂಡಿತು. ಕೊನೆಯ ಹುಲ್ಲು ಎಳೆಯುವಾಗ ಇಲಿ ಕಡಿದ ಗೋಣಿಯೂ ಕಿತ್ತು ಬಂತು.

ಕೊಟ್ರೇಶ ಅಲ್ಲೇ ನಿಂತ.

ಸೂಜಿ ಬಟ್ಟೆಯೊಳಗೆ ಇಳಿದೇ ಇತ್ತು. ಸೂಜಿಯ ಕೆಳಗೆ ಅರ್ಧ ಹೊಲಿದ ಒಂದು ಅಂಗಿ. ಬೆನ್ನು, ಹೆಗಲು, ಒಂದು ಬಗಲು ಮುಗಿದಿತ್ತು. ಒಂದು ತೋಳು ಅರ್ಧಕ್ಕೆ ನಿಂತಿತ್ತು. ಇನ್ನೊಂದು ತೋಳನ್ನು ಅವ್ವ ಕತ್ತರಿಸಿ, ಮಡಚಿ ಪಕ್ಕಕ್ಕಿಟ್ಟಿದ್ದಳು.

ಅವನು ಕೋಲು ಹುಡುಕಲಿಲ್ಲ. ಸೂಜಿ ಮೇಲೆತ್ತಿ, ಅಂಗಿಯನ್ನು ಕೈಯಲ್ಲೇ ಬಿಡಿಸಿಕೊಂಡು ಎದೆಗೆ ಹಿಡಿದು ನೋಡಿದ. ಅಳತೆ ಸರಿಯಾಗಿತ್ತು.

ಗುರುಗಳ ಹತ್ತಿರ ಹೋದ.

"ಗುರುಗಳೇ, ಇದನ್ನ ಮುಗಿಸ್ಬೇಕು."

"ಮುಗಿಸಿ?"

"ಹಾಕ್ಕೋಬೇಕು. ಅವ್ವನ ಕೈ ಹೊಲಿಗೆ ಒಂದಾದ್ರೂ ಮೈಮೇಲೆ ಬೀಳ್ಬೇಕು. ಆವಾಗ ತಪ್ಪಾತು ಅಂತ ಅನ್ಬೇಕು ಅವಳಿಗೆ. ಅಲ್ಲೀತನಕ ನನಗೆ ಜಪ ಹತ್ತಲ್ಲ, ನಿದ್ದೀನೂ ಹತ್ತಲ್ಲ."

"ವ್ರತ?"

"ಬಿಟ್ಟೆ."

"ಬಿಡೋದು ನಿನಗೆ ಬಾಳ ಸಲೀಸು," ಅಂದರು ಗುರುಗಳು. "ಹೊಲಿಗೆ ಬರ್ತತಾ?"

"ಇಲ್ಲ. ಕಲೀತೀನಿ."

"ಕಲಿ. ಅಲ್ಲೀಮಟ ಅಂಗಿ ಮುಟ್ಟಬ್ಯಾಡ."

ಮಿಷನ್ನಿನ ಮೈಯೆಲ್ಲ ತುಕ್ಕು. ಕೊಟ್ರೇಶ ಮೊದಲು ಕೊಬ್ಬರಿ ಎಣ್ಣೆ ಬಿಟ್ಟ. ಅದು ಗಟ್ಟಿಯಾಗಿ, ತಿರುಗುವ ಚಕ್ರವೂ ನಿಂತಿತು. ಆಮೇಲೆ ಸೀಮೆಎಣ್ಣೆ ಹಾಕಿ ತೊಳೆದ, ಮಿಷನ್ ಎಣ್ಣೆ ಬಿಟ್ಟ, ಹೊಸ ಬೆಲ್ಟು ತರಿಸಿ ಹಾಕಿದ.

ತುಳಿದರೆ ಚಕ್ರ ಹಿಂದಕ್ಕೆ ತಿರುಗಿತು. ದಾರ ಹರಿಯಿತು. ಸೂಜಿ ಅವನ ಬೆರಳನ್ನೇ ಹೊಲಿಯಿತು.

ಗೋಣಿಚೀಲ ಹೊಲಿದ. ದಿಂಬಿನ ಚೀಲ ಹೊಲಿದ. ಗುರುಗಳ ಬನಿಯನ್ನಿನ ಕುತ್ತಿಗೆ ಹರಿದಿತ್ತು, ಅದನ್ನೂ ಹೊಲಿದುಕೊಟ್ಟ.

ಗುರುಗಳು ಬನಿಯನ್ನಿಗೆ ತಲೆ ತೂರಿಸಿದರು. ತಲೆ ಹೊರಗೆ ಬರಲಿಲ್ಲ. ಕುತ್ತಿಗೆಯನ್ನು ಪೂರ್ತಿ ಮುಚ್ಚಿ ಹೊಲಿದಿದ್ದ.

"ಕತ್ತಲಾತು ಕೊಟ್ರ," ಅಂದರು ಒಳಗಿಂದ. "ಸಮಾಧಿ ಇಷ್ಟು ಸುಲಭ ಐತಿ ಅಂತ ಮೊದ್ಲೇ ಹೇಳಬಾರದಾ?"

ಆದರೆ ಹಾಲಮ್ಮನ ಮಗ ಅಲ್ಲವಾ, ಕೈ ಬಹಳ ಬೇಗ ಕುದುರಿತು. ಅವನು ಹಾಕಿದ ಹೊಲಿಗೆ ಎಷ್ಟು ನೆಟ್ಟಗೆ ಅಂದರೆ, ಸುತ್ತಿನ ಹಳ್ಳಿಯ ರೈತರು ನೇಗಿಲು ಹೂಡುವ ಮುಂಚೆ ಬಂದು ಅದನ್ನು ನೋಡಿಕೊಂಡು ಹೋಗುತ್ತಿದ್ದರು. ಗೋಡೆ ಕಟ್ಟುವವರು ತೂಗುಗುಂಡು ಮನೆಯಲ್ಲೇ ಬಿಟ್ಟು ಬರುತ್ತಿದ್ದರು.

ಒಂದು ದಿನ ಕೊಟ್ರೇಶ ಒಂದು ಕೈಚೀಲ ತಂದು ಗುರುಗಳ ಮುಂದೆ ಹಿಡಿದ.

"ನೋಡ್ರಿ. ಕೂದಲೆಳೆಯಷ್ಟು ಸೊಟ್ಟ ಸಿಕ್ಕರೆ ಹೇಳ್ರಿ."

ಗುರುಗಳು ಚೀಲವನ್ನು ತಿರುಗಿಸಿ ನೋಡಿದರು.

"ಎಲ್ಲೂ ಇಲ್ಲ."

"ಹಂಗಾದ್ರೆ ಅಂಗಿ ಮುಟ್ಲಾ?"

"ಇದಕ್ಕಿಂತ ಮುಂಚೆ ಮುಟ್ಟಿದ್ರೆ ಚಲೋ ಇತ್ತು," ಅಂದರು ಗುರುಗಳು.

"ಮುಟ್ಟಬ್ಯಾಡ ಅಂದೋರು ನೀವೇ."

"ಹೌದು. ನಂದೂ ತಪ್ಪಾತು."

ಕೊಟ್ರೇಶನಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಕೊಟ್ಟಿಗೆಗೆ ಹೋಗಿ, ಮಿಷನ್ನಿಗೆ ಕೈಮುಗಿದು, ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡ.

ಆಗ ಅವನು ಮೊದಲ ಸಲ ಹೊಲಿಗೆ ಬಲ್ಲವನ ಕಣ್ಣಿನಿಂದ ಅದನ್ನು ನೋಡಿದ.

ಹೆಗಲ ಹೊಲಿಗೆ ಹಾವಿನಂತೆ ಹರಿದಿತ್ತು. ಬಗಲಲ್ಲಿ ದಾರ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಬೆನ್ನಿನ ಹತ್ತಿರ ಸೂಜಿ ಬಟ್ಟೆ ತಪ್ಪಿ ಹೋಗಿ, ಮತ್ತೆ ವಾಪಸ್ಸು ಬಂದಿತ್ತು. ಕೊನೆಕೊನೆಗೆ ಅವ್ವನಿಗೆ ಕಣ್ಣು ಕಾಣಿಸುತ್ತಿರಲಿಲ್ಲ ಅನ್ನುವುದು ಅವನಿಗೆ ಆಗ ತಿಳಿಯಿತು.

ಅಂಗಿಯನ್ನು ಬೆಳಕಿಗೆ ಹಿಡಿದು ಯೋಚಿಸಿದ.

ಇದನ್ನು ಹಿಂಗೇ ಹಾಕಿಕೊಂಡು ಹೋದರೆ ನೋಡಿದವರು ಏನಂದಾರು? ಹಾಲಮ್ಮನ ಕೈ ಇಷ್ಟೇನಾ ಅಂದಾರು. ಬದುಕಿದ್ದಾಗ ನಾನು ಅವಳನ್ನು ನಾಕು ಜನದ ಎದುರು ಸಣ್ಣವಳನ್ನಾಗಿ ಮಾಡಿದೆ. ಸತ್ತ ಮೇಲೂ ಮಾಡಲಾ?

ಬ್ಲೇಡು ತಗೊಂಡ. ಹೆಗಲು ಬಿಚ್ಚಿದ, ಬಗಲು ಬಿಚ್ಚಿದ, ಬೆನ್ನು ಬಿಚ್ಚಿದ, ಅರ್ಧ ಹೊಲಿದ ತೋಳೂ ಬಿಚ್ಚಿದ. ಅಂಚು ಎಳೆ ಬಿಟ್ಟ ಕಡೆ ಕತ್ತರಿಯಿಂದ ಸಮ ಮಾಡಿದ. ಆಮೇಲೆ ಎಲ್ಲವನ್ನೂ ಜೋಡಿಸಿ, ಕಾಲರಿನಿಂದ ಕೆಳಗಿನ ಮಡಿಕೆಯ ತನಕ ಗೆರೆ ಎಳೆದ ಹಾಗೆ ಹೊಲಿದ. ತುಳಿಯುತ್ತ ತುಳಿಯುತ್ತ ಅವ್ವಾ ಅವ್ವಾ ಅಂತಿದ್ದ. ಅಂಥ ಜಪ ಅವನಿಗೆ ಎಂದೂ ಹತ್ತಿರಲಿಲ್ಲ.

ಗುಂಡಿ ಹಚ್ಚಿ, ಕೊಟ್ಟಿಗೆ ಗುಡಿಸಿ, ಹೊಳೆಯಲ್ಲಿ ಸ್ನಾನ ಮಾಡಿ, ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಗುರುಗಳ ಮುಂದೆ ನಿಂತ. ಮುಖ ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಿತ್ತು.

"ಮುಗೀತು ಗುರುಗಳೇ. ನಿಮ್ಮ ಕೈಯಿಂದಲೇ ತೊಡಿಸ್ರಿ."

ಗುರುಗಳು ಅಂಗಿ ಇಸಿದುಕೊಂಡರು. ಒಳಗಡೆ ತಿರುವಿದರು. ಹೆಗಲ ಮೇಲೆ ಬೆರಳು ಆಡಿಸಿದರು. ಬಗಲಿಗೆ ಬಂದರು. ಬೆನ್ನಿಗೆ ಹೋದರು.

"ಚಲೋ ಹೊಲಿದೀಯ."

"ನಿಮ್ಮ ಆಶೀರ್ವಾದ."

"ಇದರಾಗ ನಿಮ್ಮವ್ವ ಹೊಲಿದದ್ದು ಯಾವುದಪ್ಪಾ?"

ಕೊಟ್ರೇಶ ತೋರಿಸಲು ಕೈ ಚಾಚಿದ. ಬೆರಳು ಹೆಗಲಿಗೆ ಹೋಯಿತು. ಅಲ್ಲಿಂದ ಬಗಲಿಗೆ ಜಾರಿತು. ಬಗಲಿಂದ ಬೆನ್ನಿಗೆ. ಬೆನ್ನಿನಿಂದ ತೋಳಿಗೆ.

ಅಲ್ಲಿ ನಿಂತಿತು.

"ಸೊಟ್ಟ ಇತ್ತು," ಅಂದ. "ಅವಳಿಗೆ ಕಣ್ಣು ಕಾಣ್ತಿರಲಿಲ್ಲ. ಜನ ನಗಬಾರದು ಅಂತ..."

"ಬಿಚ್ಚಿದ ದಾರ?"

"ಕಸದ ಜೊತಿ ಗುಡಿಸಿ ಒಲಿಗೆ ಹಾಕಿದೆ."

ಗುರುಗಳು ಬಹಳ ಹೊತ್ತು ಹೊಳೆಯ ಕಡೆ ನೋಡಿದರು. ಅವರ ಕಣ್ಣು ಒದ್ದೆಯಾಯಿತು.

ಇಗೋ, ಇದೊಂದನ್ನು ಮಾತ್ರ ನಾನು ಸೇರಿಸಿದೆ. ಹಾಗೆ ನಿಂತ ಕೊಟ್ರೇಶನ ಪಕ್ಕದಲ್ಲಿ ಯಾರಾದರೂ ಸ್ವಲ್ಪ ಅತ್ತರೆ ಚೆನ್ನ ಅನ್ನಿಸಿತು. ಗುರುಗಳು ಹೊಳೆ ನೋಡಲಿಲ್ಲ, ಅವರ ಕಣ್ಣೂ ಒದ್ದೆಯಾಗಲಿಲ್ಲ. ಅಂಗಿಯನ್ನು ನೀಟಾಗಿ ಮಡಚಿ ಕೊಟ್ರೇಶನ ಕೈಯಲ್ಲಿಟ್ಟು, ಆಗಿಂದಾಗಲೇ ಹೇಳಿದರು:

"ಹಾಕ್ಕೋ. ಚಳಿಗಾದ್ರೂ ಆಗ್ತತಿ."