ಶ್ರುತಿ ಹಿಡಿದ ಪರಸಪ್ಪ

ಘಟಪ್ರಭೆಯ ದಂಡೆಯ ಮೇಲೊಂದು ಚಿಕ್ಕ ಮಠ. ಪೂಜ್ಯ ಶಂಕರೆವ್ವ ತಾಯಿಯವರು ಅಲ್ಲಿ ವಾಸವಾಗಿದ್ದರು. ಮಠವೆಂದರೆ ಮಣ್ಣಿನ ಗೋಡೆಯ ಎರಡು ಕೋಣೆ, ಮುಂದೊಂದು ತಗಡಿನ ಚಪ್ಪರ, ಅಷ್ಟೇ. ತಾಯಿಯವರ ಗದ್ದುಗೆ ಎಲ್ಲಿದೆಯೆಂದು ಹುಡುಕುತ್ತ ಬಂದವರಿಗೆ ಅವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಸಿಗುತ್ತಿದ್ದರು. ಉಪದೇಶ ಮಾಡುವುದಕ್ಕಿಂತ ಬಂದವರನ್ನು ಪ್ರಶ್ನೆ ಕೇಳುವುದರಲ್ಲೇ ಅವರಿಗೆ ಹೆಚ್ಚು ಆಸಕ್ತಿ. ಕುಂಬಾರ ಬಂದರೆ ಮಣ್ಣಿನ ವಿಚಾರ, ಬಾಣಂತಿ ಬಂದರೆ ಕೂಸಿನ ನಿದ್ದೆಯ ವಿಚಾರ. "ತಿಳೀಲಾರದ್ದು ಕೇಳಾಕ ನಾಚಿಕಿ ಯಾಕ?" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಪರಸಪ್ಪ ಭಜಂತ್ರಿ ಅಲ್ಲಿಗೆ ಬಂದ. ಅವರದು ಸನಾದಿ ಊದುವ ಮನೆತನ. ಅಣ್ಣ ಯಂಕಪ್ಪ ರಾಗ ನುಡಿಸುವವ. ತಮ್ಮ ಪರಸಪ್ಪ ಅವನ ಪಕ್ಕದಲ್ಲಿ ನಿಂತು, ಇನ್ನೊಂದು ಸನಾದಿಯಲ್ಲಿ ಒಂದೇ ಸ್ವರವನ್ನು ಕಡಿಯದೆ ಊದುವವ. ಅದಕ್ಕೆ ಶ್ರುತಿ ಹಿಡಿಯುವುದು ಎನ್ನುತ್ತಾರೆ. ಮದುವೆಯ ಮನೆಯವರು ತಲೆಗೆ ಪಟಕಾ ಸುತ್ತಿ ಮರ್ಯಾದೆ ಮಾಡುತ್ತಿದ್ದುದು ಅಣ್ಣನಿಗೆ. ತಮ್ಮನ ಹೆಸರೇನೆಂದು ಕೇಳಿದವರೂ ಇಲ್ಲ. ಪರಸಪ್ಪನಿಗೂ ಅದರ ಹಂಬಲವಿರಲಿಲ್ಲ. ಅಣ್ಣನೆಂದರೆ ಅವನಿಗೆ ಪ್ರಾಣ.

ಅಂಥ ಅಣ್ಣ ತೀರಿಹೋದ. ಆ ಮನೆತನದಲ್ಲಿ ಸತ್ತವರನ್ನು ಸನಾದಿ ಊದುತ್ತಲೇ ಮಣ್ಣಿಗೆ ಒಯ್ಯುವುದು ಪದ್ಧತಿ. ರಾಗ ನುಡಿಸುವವನೇ ಹೆಣವಾಗಿ ಮಲಗಿದ ಮೇಲೆ ನುಡಿಸುವವರು ಯಾರು? ಪರಸಪ್ಪ ತನಗೆ ಬರುತ್ತಿದ್ದ ಆ ಒಂದೇ ಸ್ವರವನ್ನು ಮನೆಯಿಂದ ಸುಡುಗಾಡಿನವರೆಗೆ ಹಿಡಿದುಕೊಂಡು ನಡೆದ. ಅತ್ತರೆ ಸ್ವರ ಕಡಿಯುತ್ತದೆಂದು ಅಳು ನುಂಗಿದ. ಹಿಂದಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಹಾಡಿಲ್ದ ಬರೇ ಪೀಂ ಅಂತಾನಲ್ಲೋ" ಎಂದನೊಬ್ಬ. "ಒಡಹುಟ್ಟಿದಾಂವ ಸತ್ತರೂ ಕಣ್ಣಾಗ ನೀರಿಲ್ಲ" ಎಂದನಿನ್ನೊಬ್ಬ. ಆಡುವವರ ಬಾಯಿಗೆ ಮುಚ್ಚಳವುಂಟೆ! ಅಂದಿನಿಂದ ಪರಸಪ್ಪ ಸನಾದಿಯನ್ನು ತುಟಿಗೆ ಹಚ್ಚಿರಲಿಲ್ಲ. ನುಂಗಿದ ಅಳು ಕೂಡ ಹೊರಗೆ ಬಂದಿರಲಿಲ್ಲ.

ಇದನ್ನೆಲ್ಲ ಹೇಳಿ, ಸನಾದಿಯನ್ನು ತಾಯಿಯವರ ಪಾದದ ಬಳಿ ಇಟ್ಟ.

"ಯವ್ವಾ, ಇದನ್ನ ಮಠದಾಗ ಇಟಗೋರಿ. ಇನ್ನ ನಾ ಊದಂಗಿಲ್ಲ. ಹೊಳಿಗೆ ಒಗೀಬೇಕಂದ್ರ ಕೈ ಬರವಲ್ದು."

ಬೇರೆ ಯಾರಾದರೂ ಆಗಿದ್ದರೆ ಹುಟ್ಟುಸಾವಿನ ಮೇಲೆ ನಾಲ್ಕು ಮಾತು ಆಡುತ್ತಿದ್ದರು. ತಾಯಿಯವರು ಕೈಗೆ ಹತ್ತಿದ ಹಿಟ್ಟು ಝಾಡಿಸಿ, ಸನಾದಿಯನ್ನು ಎತ್ತಿ ಹಿಂದೆಮುಂದೆ ತಿರುಗಿಸಿ ನೋಡಿದರು.

"ತೂತಿಗೆಲ್ಲಾ ಮೇಣ ಯಾಕ ಮೆತ್ತೀಯಪಾ?"

"ಒಂದ ಸ್ವರಾ ಬರಲಿ ಅಂತರಿ."

"ಆ ಸ್ವರಾ ಎಲ್ಲೂ ಕಡಿಯಂಗಿಲ್ಲ ಅಂತಿ. ಹಂಗಾದ್ರ ನೀ ಉಸರ ಯಾವಾಗ ತಗೋತಿ?"

ಪರಸಪ್ಪ ಬೆರಗಾದ. ಇಷ್ಟು ವರ್ಷ ಊದಿದರೂ ಯಾರೂ ಅವನನ್ನು ಈ ಮಾತು ಕೇಳಿರಲಿಲ್ಲ. ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಬಿಡುತ್ತಿರುವಾಗಲೇ ಮೂಗಿನಿಂದ ಉಸಿರೆಳೆಯಬೇಕು ಎಂದು ವಿವರಿಸಿದ. ಚಿಕ್ಕವನಿದ್ದಾಗ ಅಪ್ಪ ನೀರಿನ ತಂಬಿಗೆಯೊಳಗೆ ಕೊಳವೆ ಇಟ್ಟು ಊದಿಸುತ್ತಿದ್ದನಂತೆ. ಗುಳ್ಳೆ ನಿಂತಿತೋ, ಬೆನ್ನಿಗೆ ಗುದ್ದು. ತಾಯಿಯವರು ತಾವೂ ಗಲ್ಲ ಉಬ್ಬಿಸಿ ಪ್ರಯತ್ನಿಸಿದರು, ಕೆಮ್ಮು ಬಂದು ಮನಸಾರೆ ನಕ್ಕರು. ಪರಸಪ್ಪನಿಗೂ ನಗೆ ಬಂತು.

"ನಿಮ್ಮಣ್ಣನೂ ಹಿಂಗ ಊದತಿದ್ದನ?"

"ಇಲ್ಲರಿ. ಅಂವಾ ನಡುನಡುವ ನಿಂತು ಉಸರ ತಗೋತಿದ್ದನ್ರಿ."

"ಅಂವಾ ನಿಂತಾಗ ಮಂದಿಗೆ ಯಾರದು ಕೇಳತಿತ್ತು?"

ಅವನು ತಲೆ ತಗ್ಗಿಸಿದ. "ನಂದರಿ" ಎಂದ, ಮೆಲ್ಲಗೆ.

ತಾಯಿಯವರು ಸನಾದಿಯನ್ನು ಮರಳಿ ಅವನ ಕೈಗೆ ಕೊಟ್ಟರು. "ಸುಡಗಾಡ ಹಾದ್ಯಾಗೂ ಅಣ್ಣ ಹಂಗ ನಿಂತಿದ್ದ, ನೀ ಸ್ವರಾ ಹಿಡದಿ. ಮಂದಿ ನಗಲೇಳು. ಸಂಜಿಗೆ ಭಜನಿ ಐತಿ, ಉಂಡು ಕುಂದರು."

ಸಂಜೆ ಊರ ಹೆಣ್ಣುಮಕ್ಕಳು ತಾಳ ಹಿಡಿದು ಭಜನೆಗೆ ಕುಳಿತರು. ಪರಸಪ್ಪ ಗೋಡೆಗೆ ಒರಗಿ ಶ್ರುತಿ ಹಿಡಿದ. ಒಂದು ನುಡಿ ಮುಗಿದು ಹಾಡು ನಿಂತಿತು. ಚಪ್ಪರದ ತುಂಬ ಉಳಿದದ್ದು ಅವನ ಸ್ವರವೊಂದೇ. ಅದನ್ನು ಅವನು ಅಂದು ಮೊದಲ ಸಲ ಕಿವಿಗೊಟ್ಟು ಕೇಳಿಸಿಕೊಂಡ. ಇಂಥ ಹೊತ್ತಿನಲ್ಲೆಲ್ಲ ಪಕ್ಕದಲ್ಲಿ ಉಸಿರೆಳೆದುಕೊಳ್ಳುತ್ತಿದ್ದ ಅಣ್ಣ ನೆನಪಾದ. ಎದೆಯೊಳಗಿನದು ಉಕ್ಕಿ ಬಂತು, ತುಟಿ ನಡುಗಿತು, ಸ್ವರ ಕಡಿಯಿತು. ಸನಾದಿಯನ್ನು ತೊಡೆಯ ಮೇಲಿಟ್ಟು ಆ ದೊಡ್ಡ ಗಂಡಸು ಬಿಕ್ಕಿಬಿಕ್ಕಿ ಅತ್ತ.

ಹೆಣ್ಣುಮಕ್ಕಳು ಏನು ಮಾಡಬೇಕೆಂದು ತಿಳಿಯದೆ ಮುಖಮುಖ ನೋಡಿಕೊಂಡರು. ಆಗ ತಾಯಿಯವರು ಕಣ್ಣು ಮುಚ್ಚಿ, ಒಡಕು ದನಿಯಲ್ಲಿ, ಅವನು ಬಿಟ್ಟ ಅದೇ ಸ್ವರವನ್ನು ಹಿಡಿದರು. ಅವರ ಉಸಿರು ಸಾಲದಾದಾಗ ಪಕ್ಕದವಳು ಹಿಡಿದಳು, ಅವಳು ಬಿಡುವಷ್ಟರಲ್ಲಿ ಮತ್ತೊಬ್ಬಳು. ಯಾರೂ ಅವನಿಗೆ ಅವಸರ ಮಾಡಲಿಲ್ಲ. ಪರಸಪ್ಪ ಎಷ್ಟು ಅಳಬೇಕೋ ಅಷ್ಟೂ ಅತ್ತ.

ಮುಖ ಒರೆಸಿಕೊಂಡು ಅವನು ಸನಾದಿಯನ್ನು ಮತ್ತೆ ಎತ್ತಿಕೊಂಡಾಗ ಸ್ವರ ಅಲ್ಲೇ ಇತ್ತು. ಅದಕ್ಕೆ ತನ್ನ ಉಸಿರು ಸೇರಿಸಿದ.