ಪರದೆಗೆ ಬೆನ್ನು ಹಾಕಿ ಕೂತವನು

"ಗುರುಗಳೇ, ಜನರಿಗೆ ಏನು ಬೇಕೆಂದು ಮೊದಲೇ ತಿಳಿಯುವುದು ಹೇಗೆ?"

ಶಿಷ್ಯ ಇದನ್ನು ಕೇಳಿದಾಗ ಅವನ ಗಂಟು ಕಟ್ಟಿ ಸಿದ್ಧವಾಗಿತ್ತು. ಮರುದಿನ ಬೆಳಗ್ಗೆ ಅವನು ದೂರದ ಒಂದು ಊರಿಗೆ ಹೊರಡಬೇಕಿತ್ತು. ಇನ್ನು ಮುಂದೆ ಅಲ್ಲಿನ ಜನರಿಗೆ ನಾಲ್ಕು ಮಾತು ಹೇಳುವವನು ಅವನೇ. ಹನ್ನೊಂದು ವರ್ಷ ಗುರುಗಳ ಬಳಿ ಇದ್ದ. ಬಂದ ದಿನ, "ಹಿಂದಿನದನ್ನೆಲ್ಲ ಬಿಟ್ಟು ಬಂದಿದ್ದೇನೆ" ಎಂದಿದ್ದ. ಆಮೇಲೆ ಒಂದು ದಿನವೂ ತನ್ನ ಊರಿನ ಮಾತೆತ್ತಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಅವನಿಗೆ ಒಂದು ಅಭ್ಯಾಸವಿತ್ತು. ಗುರುಗಳು ಮಾತಾಡುವಾಗ ಅವನು ಅವರ ಕಡೆ ನೋಡುತ್ತಿರಲಿಲ್ಲ. ಕೇಳುವವರ ಕಡೆ ತಿರುಗಿ ಕೂರುತ್ತಿದ್ದ. ಯಾವ ಮಾತಿಗೆ ಎಷ್ಟು ಜನ ತಲೆಯಾಡಿಸಿದರು, ಯಾವ ಮಾತಿಗೆ ಆಕಳಿಸಿದರು ಎಂದು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ.

"ಆ ಪುಸ್ತಕವನ್ನು ಗಂಟಿನಲ್ಲಿ ಇಟ್ಟುಕೊಂಡೆಯಾ?" ಎಂದು ಗುರುಗಳು ಕೇಳಿದರು.

"ಇಟ್ಟುಕೊಂಡಿದ್ದೇನೆ. ಆದರೂ ಧೈರ್ಯ ಸಾಲುತ್ತಿಲ್ಲ. ಅಲ್ಲಿಯವರು ನನ್ನ ಮಾತಿನ ನಡುವೆ ಎದ್ದು ಹೋದರೆ?"

ಗುರುಗಳು ಅವನನ್ನು ಕೂರಿಸಿ ಹೇಳತೊಡಗಿದರು.

ಒಂದು ಕಾರ್ಖಾನೆಯ ಊರು. ಅಲ್ಲಿ ಕಬ್ಬಿಣ ಕಾಯಿಸುತ್ತಿದ್ದರು. ಆ ಊರಿನಲ್ಲಿ ಹುಟ್ಟಿದವರು ಕಡಿಮೆ, ಬಂದು ಸೇರಿದವರೇ ಹೆಚ್ಚು. ಒಂದೊಂದು ಮನೆಯಲ್ಲಿ ಒಂದೊಂದು ಸೀಮೆಯ ಮಾತು, ಒಂದೊಂದು ಬಗೆಯ ಸಾರಿನ ವಾಸನೆ. ಅಲ್ಲಿ ಒಂದು ಟಾಕೀಸು ಇತ್ತು.

ಚಿತ್ರ ಹಂಚುವವರು ಒಂದು ರೂಢಿ ಮಾಡಿಕೊಂಡಿದ್ದರು. ದೊಡ್ಡ ಸೂಪರ್‌ಹೀರೋ ಚಿತ್ರ ಬಂದಾಗ, ಎಲ್ಲ ಕಡೆ ಬಿಡುಗಡೆಯಾಗುವ ಹದಿನೈದು ದಿನ ಮೊದಲು ಅದನ್ನು ಆ ಊರಿಗೆ ತಂದು, ಬೆಳಗಿನ ಪಾಳಿ ಮುಗಿಸಿದ ಕೆಲಸಗಾರರಿಗೆ ಒಂದು ಆಟ ಪುಕ್ಕಟೆ ತೋರಿಸುತ್ತಿದ್ದರು. ಎಲ್ಲ ಸೀಮೆಯವರೂ ಇರುವ ಊರು. ಇಲ್ಲಿ ಗೆದ್ದದ್ದು ಎಲ್ಲ ಕಡೆಯೂ ಗೆಲ್ಲುತ್ತದೆ ಎಂಬುದು ಅವರ ನಂಬಿಕೆ.

ಗೆಲ್ಲುತ್ತದೋ ಇಲ್ಲವೋ ಎಂದು ಹೇಳಲು ಒಬ್ಬ ಮನುಷ್ಯನಿದ್ದ. ಮೊದಲು ಅದೇ ಟಾಕೀಸಿನ ಬಾಗಿಲಲ್ಲಿ ಟಿಕೆಟು ಹರಿಯುತ್ತಿದ್ದವನು. ಆಟ ಶುರುವಾಗುವಾಗ ಅವನು ಒಂದು ಸ್ಟೂಲು ತಂದು ಪರದೆಯ ಕೆಳಗೆ ಹಾಕಿಕೊಳ್ಳುತ್ತಿದ್ದ. ಪರದೆಗೆ ಬೆನ್ನು, ಜನರಿಗೆ ಮುಖ. ಊರಿನವರು ಅವನನ್ನು ಬೆನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು.

ಅವನ ವಿದ್ಯೆ ದೊಡ್ಡದೇನಲ್ಲ. ಸೂಪರ್‌ಹೀರೋ ಚಿತ್ರವೆಂದ ಮೇಲೆ ನಾಯಕ ಒಂದಲ್ಲ ಒಂದು ಹೊತ್ತಿನಲ್ಲಿ ಮೊದಲ ಸಲ ಹಾರಲೇಬೇಕು. ಬೆನ್ನ ಹಿಂದೆ ಗಾಳಿಯ ಸದ್ದು ಏಳುತ್ತದೆ, ವಾದ್ಯಗಳು ಏಳುತ್ತವೆ. ಆಗ ಅವನು ಜನರ ಗದ್ದ ನೋಡುತ್ತಿದ್ದ. ಹಾರುವವನ ಜೊತೆಗೆ ಗದ್ದಗಳೂ ಮೇಲೆ ಹೋಗುತ್ತವೆ. ಇಡೀ ಟಾಕೀಸಿನ ಗದ್ದ ಒಟ್ಟಿಗೆ ಎದ್ದರೆ ಚಿತ್ರ ಹತ್ತು ವಾರ ಓಡುತ್ತದೆ. ಅರ್ಧ ಎದ್ದರೆ ನಾಲ್ಕು. ಒಬ್ಬರು ಎತ್ತಿದ್ದನ್ನು ನೋಡಿ ಇನ್ನೊಬ್ಬರು ಎತ್ತಿದರೆ ಎರಡು. ಬೇರೆ ಬಗೆಯ ಚಿತ್ರಗಳ ಬಗ್ಗೆ ಕೇಳಿದರೆ, ತನಗೆ ತಿಳಿಯದು ಎನ್ನುತ್ತಿದ್ದ.

ಇಪ್ಪತ್ತಾರು ವರ್ಷ ಅವನ ಮಾತು ತಪ್ಪಲಿಲ್ಲ. ಗಲ್ಲಾಪೆಟ್ಟಿಗೆಯ ಪಂಡಿತರು ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರೆಯುತ್ತಿದ್ದರು. ಅವನು ಸ್ಟೂಲಿನಿಂದ ಎದ್ದು ಒಂದು ಅಂಕಿ ಹೇಳುತ್ತಿದ್ದ. ಹಂಚುವವರು ಅವನ ಅಂಕಿಯನ್ನು ಇಟ್ಟುಕೊಂಡು, ಪತ್ರಿಕೆಯಲ್ಲಿ ಬಜ್ಜಿ ಕಟ್ಟಿಸಿಕೊಂಡು ಹೋಗುತ್ತಿದ್ದರು.

ಒಂದು ಸಣ್ಣ ತೊಡಕಿತ್ತು. ಮೊದಲ ಬೆಂಚಿನ ತುದಿಯಲ್ಲಿ ಒಬ್ಬ ಹೆಂಗಸು ಕೂರುತ್ತಿದ್ದಳು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವವಳು. ಒಂದು ಚಿತ್ರವನ್ನೂ ಬಿಟ್ಟವಳಲ್ಲ. ಆದರೆ ಎಲ್ಲರ ಗದ್ದ ಮೇಲೆ ಹೋಗುವಾಗ ಅವಳ ಗದ್ದ ಕೆಳಗಿಳಿಯುತ್ತಿತ್ತು. ಎಷ್ಟು ದೊಡ್ಡ ನಾಯಕ ಹಾರಿದರೂ ಅಷ್ಟೇ. ನಿದ್ದೆ ಇರಬಹುದು ಎಂದುಕೊಂಡು ಅವನು ಅವಳೊಬ್ಬಳನ್ನು ಬಿಟ್ಟು ಎಣಿಸುತ್ತಿದ್ದ. ಇಪ್ಪತ್ತಾರು ವರ್ಷವೂ ಹಾಗೆಯೇ ಬಿಟ್ಟು ಎಣಿಸಿದ; ಅಷ್ಟರಲ್ಲಿ ಅವಳು ಮುದುಕಿಯಾದಳು.

ಕಾಲ ಬದಲಾಯಿತು. ಟಾಕೀಸು ಹಳೆಯದಾಯಿತು. ರೈಲ್ವೆ ಗೇಟಿನ ಆಚೆ ಹೊಸ ಚಿತ್ರಮಂದಿರ ಎದ್ದಿತು. ಟಾಕೀಸಿನ ಯಜಮಾನ ಒಂದು ದಿನ ಬೆನ್ನು ಮೇಷ್ಟ್ರನ್ನು ಕರೆದು ಇದ್ದದ್ದನ್ನು ಇದ್ದಂತೆ ಹೇಳಿದ. ದೀಪಾವಳಿಗೆ ಒಂದು ಭಾರಿ ಸೂಪರ್‌ಹೀರೋ ಚಿತ್ರ ಬರುತ್ತಿದೆ. ತೆಗೆದುಕೊಂಡರೆ ಹತ್ತು ವಾರ ಬೇರೆ ಚಿತ್ರ ಹಾಕುವಂತಿಲ್ಲ. ಓಡಿದರೆ ಟಾಕೀಸು ಉಳಿಯುತ್ತದೆ. ಓಡದಿದ್ದರೆ ಸಿಮೆಂಟಿನವರು ಗೋದಾಮಿಗೆ ಕೇಳಿದ್ದಾರೆ, ಕೊಟ್ಟುಬಿಡುತ್ತೇನೆ. ಬೆನ್ನು ಮೇಷ್ಟ್ರಿಗೆ ಹೋಗಲು ಇನ್ನೊಂದು ಜಾಗವಿರಲಿಲ್ಲ. ಆ ಸ್ಟೂಲೇ ಅವನ ಮನೆ ಎಂದರೂ ತಪ್ಪಿಲ್ಲ.

ಪುಕ್ಕಟೆ ಆಟದ ದಿನ ಬಂತು. ಟಾಕೀಸು ತುಂಬಿತ್ತು. ಅವನು ಪರದೆಗೆ ಬೆನ್ನು ಹಾಕಿ ಕೂತ.

ಬಹಳ ಹೊತ್ತು ನಾಯಕ ಹಾರಲಿಲ್ಲ. ಕೊನೆಗೆ ಗಾಳಿಯ ಸದ್ದು ಎದ್ದಿತು. ವಾದ್ಯಗಳು ಏಳಲಿಲ್ಲ. ಒಂದು ಕೊಳಲು ಮಾತ್ರ ಸಣ್ಣಗೆ ಕೇಳುತ್ತಿತ್ತು. ಅವನು ಗದ್ದಗಳನ್ನು ನೋಡಿದ. ಒಂದೂ ಮೇಲೆ ಹೋಗಲಿಲ್ಲ. ನೋಡುತ್ತಿದ್ದಂತೆಯೇ ಮುಂದಿನ ಬೆಂಚಿನಿಂದ ಬಾಲ್ಕನಿಯವರೆಗೆ ಎಲ್ಲ ಗದ್ದಗಳೂ ಒಂದೊಂದಾಗಿ ಕೆಳಗಿಳಿದವು. ಜನ ಅಲ್ಲಾಡಲಿಲ್ಲ, ಶಿಳ್ಳೆ ಹೊಡೆಯಲಿಲ್ಲ. ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು. ಆ ದಿನ ಅವನು ಮುದುಕಿಯನ್ನು ಬಿಟ್ಟು ಎಣಿಸಬೇಕಾಗಿರಲಿಲ್ಲ. ಎಲ್ಲರೂ ಅವಳಂತೆಯೇ ಕೂತಿದ್ದರು.

ಆಟ ಬಿಟ್ಟ ಮೇಲೆ ಯಜಮಾನ ಕೇಳಿದ, "ಎಷ್ಟು ವಾರ ಮೇಷ್ಟ್ರೇ?"

"ಒಂದು."

"ಒಂದೇ? ಸರಿಯಾಗಿ ನೋಡಿದ್ರಾ? ನನಗೇನೋ ಬಾಯಲ್ಲಿದ್ದ ಎಲೆಅಡಿಕೆ ಅಗಿಯೋದೇ ಮರೆತುಹೋಯ್ತು ಕಣ್ರೀ."

"ನಿಮ್ಮ ಎಲೆಅಡಿಕೆ ನೋಡಿ ನಾನು ಅಂದಾಜು ಹೇಳೋದಿಲ್ಲ, ಯಜಮಾನರೇ. ಒಂದೂ ಗದ್ದ ಮೇಲಕ್ಕೆ ಹೋಗ್ಲಿಲ್ಲ. ಶಿಳ್ಳೆ ಹೊಡೆಯೋ ಲೋಡಿಂಗಿನ ಹುಡುಗರು ಬಾಯಿಗೆ ಬೆರಳಿಟ್ಟುಕೊಂಡು ಹಾಗೇ ಕೂತುಬಿಟ್ಟಿದ್ರು. ಅವರಿಗೇ ಶಿಳ್ಳೆ ಬರದ ಚಿತ್ರ ಯಾರಿಗೆ ಬೇಕು?"

"ನೀವೇ ಒಂದು ಸಲ ತಿರುಗಿ ನೋಡಬಾರದಿತ್ತಾ?"

"ತಿರುಗಿದರೆ ನಾನೂ ಅವರಲ್ಲಿ ಒಬ್ಬನಾಗಿಬಿಡ್ತೀನಿ. ಆಮೇಲೆ ನಿಮಗೆ ಅಂದಾಜು ಹೇಳೋರು ಯಾರು?"

ಇಪ್ಪತ್ತಾರು ವರ್ಷ ತಪ್ಪದ ಮಾತು. ಯಜಮಾನ ಚಿತ್ರ ಬೇಡವೆಂದು ಹೇಳಿ ಕಳಿಸಿದ.

ರೈಲ್ವೆ ಗೇಟಿನ ಆಚೆಯವರು ಅದನ್ನು ತೆಗೆದುಕೊಂಡರು. ಮೊದಲ ವಾರ ಜನ ಬಂದರು. ಎರಡನೆಯ ವಾರ ಅವರೇ ಮತ್ತೆ ಬಂದರು. ಹೌಸ್‌ಫುಲ್ ಬೋರ್ಡನ್ನು ತೆಗೆದು ಒಳಗಿಡುವುದನ್ನು ಅಲ್ಲಿಯವರು ಬಿಟ್ಟುಬಿಟ್ಟರು. ಇಪ್ಪತ್ತೈದು ವಾರ ಆ ಚಿತ್ರ ಇಳಿಯಲಿಲ್ಲ. ಈಚೆಯ ಟಾಕೀಸಿನಲ್ಲಿ ಒಂದು ನಗೆಯ ಚಿತ್ರ ಹಾಕಿದ್ದರು. ಖಾಲಿ ಕುರ್ಚಿಗಳು ಅದನ್ನು ನೋಡಿದವು. ಸಂಕ್ರಾಂತಿಯ ಹೊತ್ತಿಗೆ ಕುರ್ಚಿಗಳನ್ನು ಕಿತ್ತರು. ಸಿಮೆಂಟಿನ ಚೀಲಗಳು ಬಂದವು. ಯಜಮಾನ ಬೈಯಲಿಲ್ಲ. ಹೋಗುವಾಗ ಸ್ಟೂಲನ್ನು ಎತ್ತಿ ಅವನ ಕೈಗೆ ಕೊಟ್ಟ. ಬೈದಿದ್ದರೇ ಚೆನ್ನಾಗಿತ್ತು ಎಂದು ಬೆನ್ನು ಮೇಷ್ಟ್ರಿಗೆ ಅನ್ನಿಸಿತು.

ಅವನು ದಿನವೂ ರೈಲ್ವೆ ಗೇಟಿನ ಬಳಿ ನಿಂತು ಆಚೆ ಹೋಗುವವರನ್ನು ನೋಡುತ್ತಿದ್ದ. ಎಲ್ಲಿ ತಪ್ಪಿದೆ ಎಂದು ಅವನಿಗೆ ಹೊಳೆಯಲಿಲ್ಲ. ಒಂದು ಭಾನುವಾರ ಮುದುಕಿ ಬಂದಳು. ಗೇಟು ಹಾಕಿತ್ತು. ಗೂಡ್ಸು ಗಾಡಿ ನಿಧಾನವಾಗಿ ಹೋಗುತ್ತಿತ್ತು. ಅವನು ಮೊದಲ ಸಲ ಅವಳನ್ನು ಮಾತಾಡಿಸಿದ.

"ಅಜ್ಜಿ, ನಾಯಕ ಹಾರುವಾಗ ನೀನು ಯಾಕೆ ತಲೆ ತಗ್ಗಿಸ್ತೀಯ? ನಿದ್ದೆ ಬರುತ್ತಾ?"

"ಓ, ಬೆನ್ನು ಮೇಷ್ಟ್ರಾ! ನಿಮಗೆ ಮುಖವೂ ಮಾತೂ ಎರಡೂ ಇದೆಯಾ?" ಅವಳು ನಕ್ಕಳು. "ನಿದ್ದೆ ಮಾಡೋಕೆ ಟಾಕೀಸಿಗೆ ಯಾಕಪ್ಪ ಬರಲಿ? ಅವನು ಹಾರಿದರೆ ಹಾರಲಿ, ಅವನನ್ನು ನೋಡೋಕೆ ನೀವೆಲ್ಲ ಇದ್ದೀರಿ. ಅಷ್ಟು ಎತ್ತರ ಹೋದವನಿಗೆ ಕೆಳಗಿರೋದೆಲ್ಲ ಕಾಣುತ್ತಲ್ಲ? ನಾನು ಅದನ್ನ ನೋಡ್ತೀನಿ. ನಮ್ಮೂರು ಬಂದೀತೇನೋ ಅಂತ."

"ಅವೆಲ್ಲ ಎಲ್ಲೆಲ್ಲಿಯೋ ತೆಗೆದ ಚಿತ್ರಗಳು, ಅಜ್ಜಿ."

"ಅಷ್ಟು ಗೊತ್ತಿಲ್ಲದೆ ಇದ್ದೀನಾ? ಇಷ್ಟು ವರ್ಷ ಬರೀ ಗಾಜಿನ ಕಟ್ಟಡಗಳೇ ಬರ್ತಿದ್ದವು. ಈ ಸಲ ಒಂದು ಕೆರೆ ಬಂತು. ಏರಿ ಮೇಲೆ ಒಬ್ಬಳು ಸೀರೆ ಒಣಗಹಾಕಿದ್ದಳು. ನಮ್ಮೂರಿನಲ್ಲಿ ಕೆರೆ ಮನೆಯಿಂದ ಮೂಡಣಕ್ಕೆ. ಇವನು ಪಡುವಣಕ್ಕೆ ತೋರಿಸಿಬಿಟ್ಟ. ಹೋಗಲಿ ಪಾಪ, ಅವನಿಗೇನು ಗೊತ್ತು."

"ಅಷ್ಟು ಆಸೆಯಿದ್ದರೆ ಒಂದು ಸಲ ಊರಿಗೇ ಹೋಗಿ ಬರಬಾರದಾ?"

"ಹೋದರೆ ಯಾರ ಮನೆ ಬಾಗಿಲಲ್ಲಿ ನಿಲ್ಲಲಿ ಮೇಷ್ಟ್ರೇ?"

ಗಾಡಿ ಹೋಯಿತು. ಗೇಟು ತೆರೆಯಿತು. ಅವನು ಅವಳ ಹಿಂದೆಯೇ ನಡೆದ. ಟಿಕೆಟು ಕೊಂಡು ಅವಳ ಪಕ್ಕದಲ್ಲಿ ಕೂತ. ಇಪ್ಪತ್ತಾರು ವರ್ಷಗಳಲ್ಲಿ ಅವನು ಪರದೆಗೆ ಮುಖ ಮಾಡಿದ್ದು ಅದೇ ಮೊದಲು.

ಚಿತ್ರದ ನಾಯಕ ಪರದೇಶದಲ್ಲಿ ದುಡಿಯಲು ಹೋದವನು. ಅಲ್ಲಿ ಒಂದು ಅವಘಡದಲ್ಲಿ ಅವನ ಮೈಗೆ ಬೆಂಕಿಯ ಶಕ್ತಿ ಬರುತ್ತದೆ. ಲೋಕವನ್ನೇ ಕಾಯಬಲ್ಲ, ಎಲ್ಲಿಗೆ ಬೇಕಾದರೂ ಹಾರಬಲ್ಲ. ಮೊದಲ ಸಲ ಹಾರಿದಾಗ ಅವನು ಯಾವ ಶತ್ರುವಿನ ಕಡೆಗೂ ಹೋಗುವುದಿಲ್ಲ. ನೇರ ತನ್ನ ಊರಿಗೆ ಬರುತ್ತಾನೆ. ಆದರೆ ಇಳಿಯುವಂತಿಲ್ಲ. ಅವನು ಕಾಲಿಟ್ಟ ನೆಲ ಸುಟ್ಟುಹೋಗುತ್ತದೆ. ಅದಕ್ಕೇ ಊರಿನ ಮೇಲೆ ಸುತ್ತು ಹಾಕುತ್ತಾನೆ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಕೆಳಗೆ ಕೆರೆ, ಏರಿ, ಮಣ್ಣಿನ ದಾರಿ. ಒಂದು ಮನೆಯ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದ ಹೆಂಗಸು ಹುಬ್ಬಿನ ಮೇಲೆ ಕೈ ಇಟ್ಟು ಮೇಲೆ ನೋಡುತ್ತಾಳೆ. ಹದ್ದು ಇರಬೇಕು ಎಂದುಕೊಂಡು ಮತ್ತೆ ಮೆಣಸಿನಕಾಯಿಗೆ ಬಗ್ಗುತ್ತಾಳೆ.

ಬೆನ್ನು ಮೇಷ್ಟ್ರಿಗೂ ಒಂದು ಊರಿತ್ತು. ಹದಿನೇಳನೆಯ ವಯಸ್ಸಿನಲ್ಲಿ ಬಿಟ್ಟು ಬಂದಿದ್ದ. ಅಲ್ಲಿಯೂ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದರು. ಹರವಿದವರ ಕೈತುತ್ತು ತಿಂದರೆ ಎರಡು ದಿನ ಬಾಯಿ ಉರಿಯುತ್ತಿತ್ತು. ಇದು ಅವನಿಗೆ ನೆನಪಾಗದೆ ಎಷ್ಟು ವರ್ಷವಾಗಿತ್ತೋ. ಮೂರನೆಯ ಸುತ್ತಿನಲ್ಲಿ ಅವನಿಗೆ ಒಂದು ವಿಷಯ ಗೊತ್ತಾಯಿತು. ತನ್ನ ಗದ್ದ ಎದೆಗೆ ತಾಗುತ್ತಿದೆ. ಪರದೆಯ ಕೆಳಗಿನ ಅಂಚಿನಲ್ಲಿ, ಆ ಮಾಳಿಗೆಯ ಆಚೆ ಇನ್ನೇನಾದರೂ ಕಂಡೀತೇ ಎಂದು ತಾನು ಹುಡುಕುತ್ತಿದ್ದೇನೆ.

ಅವನು ಪಕ್ಕಕ್ಕೆ, ಹಿಂದಕ್ಕೆ ನೋಡಿದ. ಎಲ್ಲರೂ ಅದನ್ನೇ ಮಾಡುತ್ತಿದ್ದರು. ಅಂದು ಟಾಕೀಸಿನ ಪುಕ್ಕಟೆ ಆಟದಲ್ಲಿಯೂ ಮಾಡಿದ್ದು ಅದನ್ನೇ. ಅವನು ಅವರ ಮುಖವನ್ನು ಒಂದೂ ಬಿಡದೆ ನೋಡಿದ್ದ. ಅವರು ಏನನ್ನು ನೋಡುತ್ತಿದ್ದಾರೆ ಎಂಬುದು ಅವನ ಬೆನ್ನ ಹಿಂದೆ ಇತ್ತು.

ಮುದುಕಿ ಅವನ ತೋಳನ್ನು ಮೊಣಕೈಯಿಂದ ತಿವಿದಳು.

"ನಿಮ್ಮೂರು ಸಿಕ್ಕಿತಾ ಮೇಷ್ಟ್ರೇ?"

ಅವನು ಮತ್ತೆ ಪರದೆಯ ಕಡೆ ತಿರುಗಿದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಗಂಟು ಬಿಚ್ಚಿ ತನ್ನ ಪುಸ್ತಕ ತೆಗೆದ. ಹಾಳೆಗಳನ್ನು ತಿರುವಿದ. ಹನ್ನೊಂದು ವರ್ಷಗಳ ತಲೆಯಾಡಿಕೆ, ಹನ್ನೊಂದು ವರ್ಷಗಳ ಆಕಳಿಕೆ ಅದರಲ್ಲಿತ್ತು.

"ಅರ್ಥವಾಯಿತು ಗುರುಗಳೇ" ಎಂದ. "ಇನ್ನು ಮೇಲೆ ಜನರ ಮುಖವನ್ನಷ್ಟೇ ನೋಡಿ ಬರೆಯುವುದಿಲ್ಲ. ಅವರ ಕಣ್ಣು ಎಲ್ಲಿದೆ ಎಂಬುದನ್ನೂ ನೋಡಿ ಬರೆದುಕೊಳ್ಳುತ್ತೇನೆ."

ಅವನು ಹೊಸ ಹಾಳೆ ತೆರೆದು ಲೇಖನಿ ಹಿಡಿದ.

"ಬರೆದುಕೋ" ಎಂದರು ಗುರುಗಳು. "ನಿಮ್ಮೂರಿನ ಕೆರೆ ಮನೆಯಿಂದ ಯಾವ ದಿಕ್ಕಿಗೆ?"