ಕೀಳದೆ ಬಿಟ್ಟ ಗುಂಡುಸೂಜಿ

“ಬುದ್ಧೀ, ನಿಮ್ಮೆದುರು ಕೂತಾಗ ಎಲ್ಲವೂ ತಿಳಿದಂತೆ ಇರುತ್ತದೆ. ನೀವಿಲ್ಲದ ಊರಿನಲ್ಲಿ ಅದು ನನ್ನಲ್ಲಿ ಉಳಿದೀತೇ?”

ಹೀಗೆ ಕೇಳಿದವನು ಶಿಷ್ಯ ಮರಿದೇವ. ಹೊಳೆಯಾಚೆಯ ಮಠಕ್ಕೆ ಹೋಗಿ ಮಕ್ಕಳಿಗೆ ಪಾಠ ಹೇಳು ಎಂದು ಗುರುಗಳು ಅಪ್ಪಣೆ ಕೊಟ್ಟು ಬಹಳ ಕಾಲವಾಗಿತ್ತು. ಇವನು ಒಂದಲ್ಲ ಒಂದು ನೆಪ ಹೇಳಿ ದಿನ ತಳ್ಳುತ್ತಿದ್ದ. ಆ ಮಕ್ಕಳು ಪಾಠವಿಲ್ಲದೆ ಕಾಯುತ್ತಲೇ ಇದ್ದರು.

“ಸರಿಹೋಯ್ತು, ಇವತ್ತಿಗೊಂದು ಹೊಸ ನೆಪ! ಕೂತುಕೋ, ಕತೆ ಹೇಳುತ್ತೇನೆ” ಎಂದರು ಗುರುಗಳು.

ಒಂದೂರಿನಲ್ಲಿ ಲೇಸ್ ಹೆಣೆಯುವ ಒಬ್ಬ ಹೆಂಗಸಿದ್ದಳು. ಆ ಕೆಲಸ ಹೇಗೆ ಗೊತ್ತೇನಪ್ಪಾ? ದಿಂಬಿನ ಮೇಲೆ ಚಿತ್ತಾರದ ನಕ್ಷೆ ಹಾಸಬೇಕು, ಗೆರೆಯುದ್ದಕ್ಕೂ ಗುಂಡುಸೂಜಿ ಚುಚ್ಚಬೇಕು, ಅವುಗಳ ಸುತ್ತ ನೂಲು ಹೆಣೆಯಬೇಕು. ಮುಗಿದ ಮೇಲೆ ಸೂಜಿ ಕಿತ್ತು ಲೇಸನ್ನು ಎತ್ತಿಕೊಳ್ಳಬೇಕು. ಇವಳಿಗೆ ಇದನ್ನು ಕಲಿಸಿದವಳು ಒಬ್ಬ ಮುದುಕಿ. ಊರಿನವರೆಲ್ಲ ಪರದೇಶದ ನಕ್ಷೆಗಳನ್ನೇ ಹೆಣೆಯುತ್ತಿದ್ದ ಕಾಲದಲ್ಲಿ, ಅಂಗಳದ ಹುಣಸೆ ಎಲೆಯನ್ನೂ ಗುಬ್ಬಿಯ ಹೆಜ್ಜೆಯನ್ನೂ ನೋಡಿ ತಾನೇ ನಕ್ಷೆ ಬರೆದ ಮೊದಲ ಹೆಂಗಸು ಆಕೆ. ಜನ ನಕ್ಕರು. ಆಕೆ ಯಾರಿಗೂ ಸೊಪ್ಪು ಹಾಕಲಿಲ್ಲ.

ಸಾಯುವಾಗ ಮುದುಕಿ ತನ್ನ ಗುಂಡುಸೂಜಿಗಳನ್ನು ಇವಳ ಕೈಗಿಟ್ಟಳು. “ನನ್ನ ಮೊಮ್ಮಗಳ ಧಾರೆ ಸೀರೆಯ ಸೆರಗಿಗೆ ಲೇಸ್ ಹೆಣೆದುಕೊಡೇ. ನಕ್ಷೆ ನಿನ್ನದೇ ಆಗಿರಲಿ” ಎಂದಳು.

ಇವಳು ಹಿತ್ತಿಲ ನುಗ್ಗೆ ಹೂವನ್ನು ನೋಡಿ ನಕ್ಷೆ ಬರೆದಳು. ಊಟ ನಿದ್ದೆ ಮರೆತು ಹೆಣೆದಳು. ಎಲ್ಲ ಮುಗಿಯಿತು, ಆದರೆ ಸೂಜಿ ಕೀಳಲು ಕೈ ಬರಲಿಲ್ಲ. ಗುರುವಿನ ಸೂಜಿ ಹಿಡಿದುಕೊಂಡಿರುವುದರಿಂದಲೇ ಇದು ನಿಂತಿದೆ, ಕಿತ್ತರೆ ನನ್ನ ಹೆಣಿಗೆಯೆಲ್ಲ ಬಿಚ್ಚಿಹೋಗುತ್ತದೆ ಎಂದು ಹೆದರಿದಳು, ಪಾಪ. ದಿನಾ ಮುಸುಕು ತೆಗೆದು ನೋಡುವಳು, ಕೈಮುಗಿದು ಮತ್ತೆ ಮುಚ್ಚಿಡುವಳು. ಮೊಮ್ಮಗಳು ಬಂದು “ಆಯ್ತೇನಕ್ಕಾ?” ಎಂದರೆ “ಇರಲಿ ಕಣಮ್ಮ, ಮದುವೆಗಿನ್ನೂ ದಿನವಿದೆ” ಎನ್ನುವಳು. ನಡುವೆ ಒಂದು ಮಳೆಗಾಲವೂ ಬಂದು ಹೋಯಿತು.

ಧಾರೆಯ ಹಿಂದಿನ ದಿನ ಬೇರೆ ದಾರಿಯಿರಲಿಲ್ಲ. ಒಂದೊಂದೇ ಸೂಜಿ ಕಿತ್ತಳು. ಒಂದೆಳೆಯೂ ಸಡಿಲವಾಗಲಿಲ್ಲ. ಹೆಣಿಗೆ ಗಟ್ಟಿಯಾಗಿಯೇ ಇತ್ತು, ಮುಗಿಸಿದ ದಿನವೂ ಅಷ್ಟೇ ಗಟ್ಟಿಯಿತ್ತು. ಆದರೆ ಅಯ್ಯೋ, ಸೂಜಿ ಇದ್ದ ಕಡೆಯಲ್ಲೆಲ್ಲ ತುಕ್ಕಿನ ಕಲೆ! ತೊಳೆದಳು, ಕಲೆ ಹೋಗಲಿಲ್ಲ. ತಿಕ್ಕಿದಳು, ತುಕ್ಕು ತಿಂದ ನೂಲೇ ಹರಿದು ಬಂತು. ಮರುದಿನ ಆ ಹುಡುಗಿ ಬರಿಯ ಸೆರಗಿನಲ್ಲೇ ಹಸೆಮಣೆಯ ಮೇಲೆ ಕೂತಳು. ಇವಳು ಕಂಬದ ಮರೆಯಲ್ಲಿ ನಿಂತು ಅತ್ತಳು.

ಗುರುಗಳು ಕತೆ ನಿಲ್ಲಿಸಿದರು. ಮರಿದೇವ ಕೇಳಿದ:

“ಅವಳದು ಗುರುಭಕ್ತಿಯಲ್ಲವೇ, ಬುದ್ಧೀ? ಅದರಲ್ಲಿ ತಪ್ಪೇನು?”

ಗುರುಗಳು ಹೊಳೆಯ ಕಡೆ ಒಮ್ಮೆ ನೋಡಿ, ಅವನ ತಲೆಯ ಮೇಲೆ ಕೈಯಿಟ್ಟರು.

“ನನಗೂ ವಯಸ್ಸಾಯಿತು ಮರಿದೇವ, ತುಕ್ಕು ಹಿಡಿಯುವ ಮೊದಲು ನನ್ನನ್ನು ಕಿತ್ತುಬಿಡು.”